ಶಾಸ್ತ್ರದಾನ ಕಣ್ಣುಳ್ಳವರಿಗೆ ಮಾತ್ರವೇ?



ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳು ಶ್ರಾವಕನ ಕರ್ತವ್ಯವೆಂಬುದನ್ನು ನಮ್ಮ ಮನೆಯ ಮಕ್ಕಳಿಗೆ ಬೇರೆಯಾಗಿ ಕಲಿಸಬೇಕಾಗಿಲ್ಲ, ಕೇಳುತ್ತಲೇ ಬೆಳೆದಿರುತ್ತಾರೆ. ಮೊದಲಿನ ಮೂರು ದಾನಗಳನ್ನು ಕೊಡುವಾಗ ನಾವು ಪಡೆಯುವವರ ಇಂದ್ರಿಯಗಳನ್ನು ಪರೀಕ್ಷಿಸುವುದಿಲ್ಲ. ಹಸಿದವನಿಗೆ ಅನ್ನ, ರೋಗಿಗೆ ಮದ್ದು, ಅಂಜಿದ ಜೀವಕ್ಕೆ ಆಸರೆ; ಲೆಕ್ಕ ಅಷ್ಟಕ್ಕೇ ಮುಗಿಯುತ್ತದೆ. ನಾಲ್ಕನೆಯ ದಾನಕ್ಕೆ ಬಂದಾಗ ಮಾತ್ರ, ಯಾವ ಆಚಾರ್ಯರೂ ವಿಧಿಸದ ಒಂದು ನಿಬಂಧನೆಯನ್ನು ನಾವು ನಮಗರಿವಿಲ್ಲದೆಯೇ ಸೇರಿಸಿಕೊಂಡಿದ್ದೇವೆ: ಪಡೆಯುವವನಿಗೆ ಕಣ್ಣಿರಬೇಕು! ಮುದ್ರಿತ ಪುಸ್ತಕವನ್ನು ಓದಲಾರದವನಿಗೆ ನಮ್ಮ ಶಾಸ್ತ್ರದಾನದ ಕಪಾಟು ಎಂದೂ ತೆರೆದಿಲ್ಲ.

ಈ ಮಾತು ಕಟುವೆನಿಸಬಹುದು. ಆದರೆ ಇದನ್ನು ನಾನು ಊಹೆಯಿಂದ ಬರೆಯುತ್ತಿಲ್ಲ. ಕಳೆದ ವರ್ಷ ನಮ್ಮ ಭಾಗದ ಒಂದು ಬಸದಿಯ ವಿಶ್ವಸ್ತರ ಸಭೆಯಲ್ಲಿ ನಾನೂ ಕುಳಿತಿದ್ದೆ. ಯಾವ ಬಸದಿ, ಯಾವ ಮಂಡಳಿ ಎಂಬುದು ಇಲ್ಲಿ ಅಪ್ರಸ್ತುತ. ಸಭೆಯಲ್ಲಿದ್ದು ಸುಮ್ಮನಿದ್ದವನಾದ್ದರಿಂದ ತಪ್ಪಿನಲ್ಲಿ ನನ್ನ ಪಾಲೂ ಉಂಟು. ಮಾಸೂರಿನ ಕಡೆಯ ಒಬ್ಬ ಅಂಧ ವಿದ್ಯಾರ್ಥಿ, ಪದವಿ ತರಗತಿಯಲ್ಲಿ ಅರ್ಥಶಾಸ್ತ್ರ ಓದುತ್ತಿರುವವನು, ಒಂದು ಅರ್ಜಿಯೊಂದಿಗೆ ಬಂದಿದ್ದ. ಶುಲ್ಕಕ್ಕಾಗಿ ಬಂದಿರಲಿಲ್ಲ, ಊಟ ವಸತಿಗಾಗಿ ಬಂದಿರಲಿಲ್ಲ. ತನ್ನ ಪಠ್ಯದಲ್ಲಿರುವ ರೇಖಾಚಿತ್ರಗಳನ್ನು ಬೆರಳಿನಿಂದ ಮುಟ್ಟಿ ಓದುವಂತೆ ಉಬ್ಬುಗೆರೆಗಳಲ್ಲಿ ಮಾಡಿಸಿಕೊಡಬೇಕೆಂಬುದಷ್ಟೇ ಅವನ ಬೇಡಿಕೆಯಾಗಿತ್ತು. ‘ಯಾಕಪ್ಪಾ, ಮಾಸ್ತರು ಹೇಳಿಕೊಡೂದಿಲ್ಲೇನು?’ ಎಂದು ಹಿರಿಯರೊಬ್ಬರು ಕೇಳಿದರು. ಅವನು ಕೊಟ್ಟ ಉತ್ತರ ನನ್ನ ಕಿವಿಯಲ್ಲಿ ಇನ್ನೂ ಇದೆ: ‘ಹೇಳ್ತಾರ ಕಾಕಾರ. ಹಲಗಿ ಮ್ಯಾಲೆ ಕೈಯಿಟ್ಟು, ಈ ಗೆರಿ ಇಲ್ಲಿ ಬಂದು ಆ ಗೆರೀನ ಕತ್ತರಸ್ತೈತಿ ಅಂತಾರ. ಆ ಇಲ್ಲಿ ಅನ್ನೂದು ಎಲ್ಲೈತಿ ಅಂತ ನನಗ ಗೊತ್ತಾಗೂದಿಲ್ರಿ.’

ಅರ್ಜಿ ನಿರಾಕೃತವಾಯಿತು. ಅದೇ ಸಭೆಯಲ್ಲಿ, ಹಳೆಯ ಪ್ರವೇಶದ್ವಾರವನ್ನು ತೆಗೆದು ಕೆತ್ತನೆಯ ಕಲ್ಲಿನ ಕಮಾನು ಕಟ್ಟಿಸುವ ಠರಾವು ಅವಿರೋಧವಾಗಿ ಪಾಸಾಯಿತು. ಹುಡುಗ ಹೊರಗೆ ಜಗಲಿಯಲ್ಲಿ ಬಸ್ಸಿಗಾಗಿ ಕಾಯುತ್ತ, ಗೋಡೆಯಲ್ಲಿದ್ದ ಶಿಲಾಫಲಕದ ಮೇಲೆ ಬೆರಳಾಡಿಸುತ್ತಿದ್ದ. ಅದು ದಾನಿಗಳ ಹೆಸರಿನ ಫಲಕ. ಆ ಬಸದಿಯಲ್ಲಿ ಬೆರಳಿಗೆ ಸಿಗುವ ಅಕ್ಷರಗಳೆಂದರೆ ನಮ್ಮ ಹೆಸರುಗಳು ಮಾತ್ರ! ಅಂದು ನನಗಾದ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಸಭೆಯಲ್ಲಿ ಕೇಳಿಬಂದ ಆಕ್ಷೇಪಗಳನ್ನು ಒಂದೊಂದಾಗಿ ಪರಿಶೀಲಿಸುವುದು ಯುಕ್ತ. ಏಕೆಂದರೆ ಅವು ಒಂದು ಮಂಡಳಿಯ ಆಕ್ಷೇಪಗಳಲ್ಲ. ಬಹುತೇಕ ನಮ್ಮೆಲ್ಲರ ಮನಸ್ಸಿನಲ್ಲಿರುವಂಥವು.

‘ಇದು ಸರ್ಕಾರದ ಕೆಲಸ’

ಸರ್ಕಾರದ ಕೆಲಸವೆಂಬುದು ನಿಜ. ಸರ್ಕಾರ ಏನೂ ಮಾಡಿಲ್ಲವೆಂದೂ ಹೇಳಲಾಗದು. ಮೈಸೂರಿನಲ್ಲಿ ಅಂಧರ ಮತ್ತು ಕಿವುಡರ ಶಾಲೆ 1901ರಷ್ಟು ಹಿಂದೆಯೇ ಆರಂಭವಾಯಿತು. ಶಾಲಾ ಪಠ್ಯಪುಸ್ತಕಗಳನ್ನು ಬ್ರೈಲ್ ಲಿಪಿಯಲ್ಲಿ ಮುದ್ರಿಸಿಕೊಡುವ ವ್ಯವಸ್ಥೆಯೂ ರಾಜ್ಯದಲ್ಲಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 2016ರಲ್ಲಿ ಬಂದಿತು. ಅದರ 32ನೆಯ ಕಲಮಿನಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಶೇ. 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳವರಿಗೆ ಮೀಸಲಿಡಬೇಕು.

ಆದರೆ ಅದೇ ಕಾಯಿದೆಯ 17ನೆಯ ಕಲಮನ್ನು ಓದಿ ನೋಡಿ. ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ಸಾಧನಗಳನ್ನು ಉಚಿತವಾಗಿ ಒದಗಿಸಬೇಕೆಂದು ಅಲ್ಲಿ ಹೇಳಿದೆ, ಎಲ್ಲಿಯವರೆಗೆ? ವಿದ್ಯಾರ್ಥಿಗೆ 18 ವರ್ಷ ತುಂಬುವವರೆಗೆ. ಹದಿನೆಂಟು ತುಂಬುವುದೂ ವಿಶ್ವವಿದ್ಯಾಲಯದ ಬಾಗಿಲು ತೆರೆಯುವುದೂ ಒಂದೇ ಕಾಲ. ಅಂದರೆ ಒಂದು ಕಲಮು ಕೈಹಿಡಿದು ಒಳಗೆ ಕರೆದು ಕೂರಿಸುತ್ತದೆ; ಇನ್ನೊಂದು ಕಲಮಿನ ಉಚಿತ ಪುಸ್ತಕದ ಭರವಸೆ ಅದೇ ಹೊಸ್ತಿಲಲ್ಲಿ ನಿಂತುಹೋಗುತ್ತದೆ.

ಶಾಲೆಯ ಪುಸ್ತಕಕ್ಕೂ ಕಾಲೇಜಿನ ಪುಸ್ತಕಕ್ಕೂ ಇರುವ ವ್ಯತ್ಯಾಸವನ್ನೂ ಗಮನಿಸಬೇಕು. ಶಾಲೆಯಲ್ಲಿ ಇಡೀ ರಾಜ್ಯಕ್ಕೆ ಒಂದೇ ಪುಸ್ತಕ. ಒಮ್ಮೆ ಅಚ್ಚುಹಾಕಿದರೆ ಸಾಕಷ್ಟು ಮಕ್ಕಳಿಗೆ ಆದೀತು. ಪದವಿಯಲ್ಲಿ ವಿಶ್ವವಿದ್ಯಾಲಯಕ್ಕೊಂದು ಪಠ್ಯಕ್ರಮ, ಸೆಮಿಸ್ಟರಿಗೊಂದು ಪುಸ್ತಕ, ಪ್ರಾಧ್ಯಾಪಕರಿಗೊಂದು ಟಿಪ್ಪಣಿ. ನಮ್ಮ ರಾಜ್ಯದಲ್ಲಂತೂ 2021ರಲ್ಲಿ ನಾಲ್ಕು ವರ್ಷಗಳ ಪದವಿಯ ಪಠ್ಯಕ್ರಮ ಬಂದು, 2024ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿದ್ದಾಯಿತು. ಈ ವೇಗಕ್ಕೆ ಯಾವ ಬ್ರೈಲ್ ಮುದ್ರಣಾಲಯ ಸರಿಗಟ್ಟೀತು? ಒಂದು ಪುಟದ ಮುದ್ರಿತ ಪಾಠ ಬ್ರೈಲ್‌ನಲ್ಲಿ ಎರಡು ಮೂರು ಪುಟಗಳನ್ನು ಬೇಡುತ್ತದೆ, ಅದೂ ದಪ್ಪನೆಯ ಕಾಗದದ ಮೇಲೆ. ಸರ್ಕಾರದ ದೊಡ್ಡ ಯಂತ್ರ ಸಾವಿರ ಪ್ರತಿಗಳಿಗೆ ಸರಿ. ಒಬ್ಬನಿಗೆ ಬೇಕಾದ ಇಪ್ಪತ್ತು ಚಿತ್ರಗಳಿಗೆ ಹತ್ತಿರದ ಕೈಗಳೇ ಬೇಕು. ಊರಿನಲ್ಲೇ ಇರುವ ಬಸದಿಗಿಂತ ಹತ್ತಿರದ ಸಂಸ್ಥೆ ಯಾವುದು?

‘ಮೊಬೈಲ್ ಎಲ್ಲವನ್ನೂ ಓದಿ ಹೇಳುತ್ತದಲ್ಲ’

ಈ ಆಕ್ಷೇಪವನ್ನು ಹೇಳಿದವರು ವಿದ್ಯಾವಂತರು. ಅದರಲ್ಲಿ ಅರ್ಧ ಸತ್ಯವಿದೆ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳು ಅಂಧರ ವಿದ್ಯಾಭ್ಯಾಸದಲ್ಲಿ ದೊಡ್ಡ ಬದಲಾವಣೆ ತಂದಿವೆ. 2006ರಿಂದ ಬೆಳೆದುಬಂದ ಎನ್‌ವಿಡಿಎ ಎಂಬುದು ಉಚಿತವಾಗಿಯೇ ಸಿಗುತ್ತದೆ. ಕನ್ನಡವನ್ನೂ ಓದುತ್ತದೆ. ಆದರೆ ನಮ್ಮ ಕಾಲೇಜುಗಳ ಎಷ್ಟೋ ಕನ್ನಡ ಟಿಪ್ಪಣಿಗಳು ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿವೆ. ಅವನ್ನು ಕೊಟ್ಟರೆ ಯಂತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಪುಟದ ಫೋಟೋ ಕೊಟ್ಟರೆ ಅನೇಕ ವೇಳೆ ಏನೂ ಹೇಳುವುದಿಲ್ಲ. ರೇಖಾಚಿತ್ರ ಬಂದರೆ ‘ಚಿತ್ರ’ ಎಂದು ಒಂದು ಮಾತು ಹೇಳಿ ಮುಂದೆ ಸಾಗಿಬಿಡುತ್ತದೆ.

ಕಿವಿಯಿಂದ ಕಥೆ ಕೇಳಬಹುದು, ಪುರಾಣ ಕೇಳಬಹುದು, ಇತಿಹಾಸ ಕೇಳಬಹುದು. ಆಕಾರವನ್ನು ಕೇಳಲಾಗುವುದಿಲ್ಲ. ಇದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜಂಬೂದ್ವೀಪದ ನಕ್ಷೆಯನ್ನೂ ಲೋಕಪುರುಷನ ಆಕೃತಿಯನ್ನೂ ಬಟ್ಟೆಯ ಮೇಲೆ, ಗೋಡೆಯ ಮೇಲೆ ಬರೆಸಿದವರು ನಮ್ಮ ಹಿರಿಯರು. ನಡುವೆ ಮೇರು, ದಕ್ಷಿಣಕ್ಕೆ ಭರತಕ್ಷೇತ್ರ, ಅಡ್ಡಲಾಗಿ ಕುಲಪರ್ವತಗಳು, ಸುತ್ತ ಲವಣಸಮುದ್ರ. ಇದನ್ನು ಬಾಯಿಮಾತಿನಲ್ಲಿ ಹೇಳಿ ಒಂದು ಮಗುವಿಗೆ ಮನದಟ್ಟು ಮಾಡಿಸಲು ಸಾಧ್ಯವಾಗಿದ್ದರೆ ಅವರೇಕೆ ಚಿತ್ರ ಬರೆಸುತ್ತಿದ್ದರು? ಬೇಡಿಕೆಯ ರೇಖೆ ಎಡಗಡೆಯ ಮೇಲಿಂದ ಬಲಗಡೆಯ ಕೆಳಕ್ಕೆ ಇಳಿಯುತ್ತದೆ, ಪೂರೈಕೆಯ ರೇಖೆ ಕೆಳಗಿಂದ ಮೇಲಕ್ಕೇರುತ್ತದೆ, ಅವು ಕೂಡುವಲ್ಲಿ ಬೆಲೆ ನಿಲ್ಲುತ್ತದೆ. ಬಿ.ಕಾಂ. ಓದುವಾಗ ಈ ಚಿತ್ರವನ್ನು ನಾನು ಕ್ಷಣಮಾತ್ರದಲ್ಲಿ ಗ್ರಹಿಸಿದೆ. ಕಣ್ಣಿದ್ದವನಿಗೆ ಅದು ಶ್ರಮವೇ ಅಲ್ಲ. ಬರಿಯ ಕಿವಿಯಿಂದ ಕೇಳುವವನು ಮಾತುಗಳನ್ನು ಕಂಠಪಾಠ ಮಾಡಬೇಕು, ಅರ್ಥವಿಲ್ಲದೆ. ಬಳಿಕ ಪರೀಕ್ಷೆಯಲ್ಲಿ ಚಿತ್ರದ ಪ್ರಶ್ನೆಗೆ ಬದಲಿ ಪ್ರಶ್ನೆ ಕೊಟ್ಟು ಕರುಣೆ ತೋರಿಸುವುದುಂಟು. ಪ್ರಶ್ನೆಯನ್ನು ಕ್ಷಮಿಸುವುದು ಸುಲಭ. ಕ್ಷಮಿಸಿದಷ್ಟೂ ಅವನ ವಿದ್ಯೆ ಕಡಿಮೆಯಾಗುತ್ತ ಹೋಗುತ್ತದೆ ಎಂಬುದನ್ನು ಯಾರೂ ಲೆಕ್ಕವಿಡುವುದಿಲ್ಲ.

ಸ್ಪರ್ಶವೆಂದರೆ ಕೀಳಾದ ಇಂದ್ರಿಯವೆಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ ತಿಳಿಯದು. ಜಿನಶಾಸನದ ಎಣಿಕೆಯಲ್ಲಿ ಐದು ಇಂದ್ರಿಯಗಳಲ್ಲಿ ಮೊದಲನೆಯದೇ ಸ್ಪರ್ಶನ. ಏಕೇಂದ್ರಿಯ ಜೀವಕ್ಕೂ ಇರುವಂಥದ್ದು ಅದೊಂದೇ. ಇಂದ್ರಿಯ ಮತ್ತು ಮನಸ್ಸುಗಳಿಂದ ಮತಿಜ್ಞಾನ, ಮತಿಜ್ಞಾನಪೂರ್ವಕವಾಗಿ ಶ್ರುತಜ್ಞಾನ ಎಂಬುದು ಸಿದ್ಧಾಂತ. ಆ ಇಂದ್ರಿಯ ಕಣ್ಣೇ ಆಗಿರಬೇಕೆಂದು ಎಲ್ಲಿ ಹೇಳಿದೆ? ಸ್ಪರ್ಶದಲ್ಲಿ ಕರ್ಕಶ, ಮೃದು, ಗುರು, ಲಘು, ಶೀತ, ಉಷ್ಣ, ಸ್ನಿಗ್ಧ, ರೂಕ್ಷ ಎಂಬ ಎಂಟು ಭೇದಗಳನ್ನು ನಮ್ಮ ಪಾಠಶಾಲೆಯ ಮಕ್ಕಳು ಒಪ್ಪಿಸುತ್ತಾರೆ. ಇಂದು ಸ್ಪರ್ಶಚಿತ್ರ ಮಾಡುವವರು ಒಂದು ಗೆರೆಯನ್ನು ಒರಟಾಗಿಯೂ ಮತ್ತೊಂದನ್ನು ನುಣುಪಾಗಿಯೂ ಮಾಡಿ ಬೆರಳಿಗೆ ವ್ಯತ್ಯಾಸ ತೋರಿಸುವಾಗ ಈ ಭೇದಗಳನ್ನೇ ಬಳಸುತ್ತಾರೆ.

ವ್ಯಾಪಾರಿಗಳಾದ ನಮಗೆ ಇದನ್ನು ಶಾಸ್ತ್ರದಿಂದ ಹೇಳಬೇಕಾದದ್ದೂ ಇಲ್ಲ. ಮಾಸೂರಿನ ಪೇಟೆಯಲ್ಲಿ ನಲವತ್ತು ವರ್ಷ ನಾನು ಮಾಡಿದ್ದೇನು? ಹತ್ತಿಯ ಎಳೆಯನ್ನು ಎರಡು ಬೆರಳುಗಳ ನಡುವೆ ಎಳೆದು ಉದ್ದ ಅಳೆದೆ. ಗೋವಿನಜೋಳದ ಚೀಲಕ್ಕೆ ಮೊಣಕೈವರೆಗೆ ಕೈತೂರಿಸಿ ಹಸಿ ಎಷ್ಟೆಂದು ಹೇಳಿದೆ. ಬ್ಯಾಡಗಿ ಮೆಣಸಿನಕಾಯಿಯ ಸುಕ್ಕನ್ನು ಬೆರಳಿನಿಂದಲೇ ಗುರುತಿಸಿದೆ. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಕೈಹಿಡಿದು, ಒಂದು ಮಾತೂ ಆಡದೆ, ಬೆರಳುಗಳಿಂದಲೇ ಸಾವಿರಾರು ರೂಪಾಯಿಗಳ ವ್ಯವಹಾರ ಕುದುರಿಸುವುದನ್ನು ಯಾರು ನೋಡಿಲ್ಲ? ದುಡ್ಡಿನ ವಿಷಯದಲ್ಲಿ ಬೆರಳನ್ನು ಇಷ್ಟು ನಂಬುವ ನಾವು ವಿದ್ಯೆಯ ವಿಷಯದಲ್ಲಿ ಏಕೆ ನಂಬಲಾರೆವು?

‘ಅದೆಲ್ಲ ದುಬಾರಿ, ನಮ್ಮಿಂದಾಗದು’

ಸ್ಪರ್ಶಗ್ರಾಹ್ಯ ಸಾಮಗ್ರಿಯೆಂದರೆ ಏನೆಂದು ತಿಳಿಯದೆಯೇ ಈ ಮಾತನ್ನು ಆಡಲಾಯಿತು. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ.

ಅಕ್ಷರದಿಂದ ಆರಂಭಿಸೋಣ. ಫ್ರಾನ್ಸಿನ ಲೂಯಿ ಬ್ರೈಲ್ 1809ರಲ್ಲಿ ಹುಟ್ಟಿದವನು. ಕುದುರೆಯ ಜೀನು ಹೊಲಿಯುತ್ತಿದ್ದ ತಂದೆಯ ಕಾರ್ಖಾನೆಯಲ್ಲಿ ಮೂರು ವರ್ಷದ ಮಗುವಾಗಿದ್ದಾಗ ಚೂಪಾದ ಉಪಕರಣ ತಾಗಿ ದೃಷ್ಟಿ ಕಳೆದುಕೊಂಡ. ಹದಿನೈದರ ವಯಸ್ಸಿನಲ್ಲಿ, 1824ರಲ್ಲಿ, ಆರು ಚುಕ್ಕಿಗಳ ಲಿಪಿಯನ್ನು ರೂಪಿಸಿದ. ಎರಡು ಸಾಲು, ಸಾಲಿಗೆ ಮೂರು ಚುಕ್ಕಿ; ಅವುಗಳಿಂದ 63 ಸಂಕೇತಗಳು. ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ಅಂಗೀಕೃತವಾಯಿತು. ಇದರ ವಿಶೇಷವೇನೆಂದರೆ, ಒಂದು ಧ್ವನಿಗೆ ಎಲ್ಲ ಭಾಷೆಗಳಲ್ಲೂ ಬಹುಮಟ್ಟಿಗೆ ಒಂದೇ ಸಂಕೇತ. ‘ಜಿನ’ ಎಂದು ಬರೆಯಲು ಜಕಾರ, ಇಕಾರ, ನಕಾರಗಳ ಮೂರು ಮನೆಗಳು ಸಾಕು. ಕನ್ನಡದಲ್ಲಿ ಬರೆದರೂ ಅದೇ, ಹಿಂದಿಯಲ್ಲಿ ಬರೆದರೂ ಅದೇ. ಕನ್ನಡ ಬ್ರೈಲ್ ಕಲಿತ ಬೆರಳಿಗೆ ಸಂಸ್ಕೃತ, ಪ್ರಾಕೃತಗಳ ಅಕ್ಷರ ಅಪರಿಚಿತವಲ್ಲ. ಬರೆಯುವ ಸಾಧನವೂ ಸರಳ: ರಂಧ್ರಗಳುಳ್ಳ ಒಂದು ಪಟ್ಟಿ, ಒಂದು ಮೊಳೆ. ಬಲದಿಂದ ಎಡಕ್ಕೆ ಒತ್ತುತ್ತಾರೆ, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದುತ್ತಾರೆ. ತಾಳೆಗರಿಯ ಮೇಲೆ ಕಂಠದಿಂದ ಅಕ್ಷರ ಕೊರೆದವರ ವಂಶಸ್ಥರಿಗೆ ಇದು ವಿಚಿತ್ರವಾಗಿ ತೋರಬಾರದು.

ಗಣಿತಕ್ಕೆ ಬೇರೆ ಸಂಕೇತಗಳು ಬೇಕು. ಸ್ವತಃ ಅಂಧರಾಗಿದ್ದ ಅಮೆರಿಕದ ಗಣಿತಜ್ಞ ಅಬ್ರಹಾಂ ನೆಮೆತ್ ಅವರು ರೂಪಿಸಿದ ಗಣಿತ ಬ್ರೈಲ್ 1952ರಲ್ಲಿ ಪ್ರಕಟವಾಗಿ ಇಂದು ವ್ಯಾಪಕ ಬಳಕೆಯಲ್ಲಿದೆ.

ಇನ್ನು ಚಿತ್ರ. ಇದಕ್ಕೆ ಹಲವು ವಿಧಾನಗಳಿವೆ. ರಬ್ಬರ್ ಹಾಸಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯಿಟ್ಟು ಒತ್ತಿ ಗೆರೆ ಎಳೆದರೆ ಗೆರೆ ಉಬ್ಬಿ ಏಳುತ್ತದೆ. ಪ್ರಾಧ್ಯಾಪಕರು ತರಗತಿಯಲ್ಲೇ ಇದನ್ನು ಮಾಡಬಹುದು. ಒಂದು ಬಗೆಯ ಲೇಪಿತ ಕಾಗದದ ಮೇಲೆ ಕಪ್ಪು ಗೆರೆಗಳನ್ನು ಮುದ್ರಿಸಿ ಕಾಯಿಸುವ ಯಂತ್ರದಲ್ಲಿ ಹಾಯಿಸಿದರೆ ಕಪ್ಪಿದ್ದಲ್ಲಿ ಮಾತ್ರ ಕಾಗದ ಉಬ್ಬುತ್ತದೆ. ಒಂದು ಅಚ್ಚು ಮಾಡಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಎಳೆದು ಬೇಕಾದಷ್ಟು ಪ್ರತಿ ತೆಗೆಯಬಹುದು. ಮೂರು ಆಯಾಮದ ಮುದ್ರಣಯಂತ್ರಗಳೂ ಈಗ ಬಂದಿವೆ. ದೆಹಲಿಯ ಐಐಟಿಯಲ್ಲಿ ಸ್ಪರ್ಶಚಿತ್ರಗಳಿಗಾಗಿಯೇ ಕೆಲಸ ನಡೆದಿದೆ. ಬೆಂಗಳೂರಿನಲ್ಲಿ 1990ರಿಂದ ಇರುವ ಮಿತ್ರಜ್ಯೋತಿಯಂಥ ಸಂಸ್ಥೆಗಳು ಬ್ರೈಲ್ ಮುದ್ರಣದ ಅನುಭವವುಳ್ಳವು. ಕೇಳಿದರೆ ಹೇಳಿಕೊಡುವವರಿದ್ದಾರೆ.

ಆದರೆ ಮೊದಲ ಹಾಳೆಗೆ ಇದಾವುದೂ ಬೇಕಾಗಿಲ್ಲ. ಆ ಸಭೆಯ ಮರುವಾರ ನಾನು ಮನೆಯಲ್ಲಿ ರಟ್ಟಿನ ಮೇಲೆ ಗೋಣಿದಾರ ಅಂಟಿಸಿ ಒಂದು ಚಿತ್ರ ಮಾಡಿದೆ. ಹುಡುಗನನ್ನು ಕರೆದು ಕೊಟ್ಟೆ. ಅವನು ಬಹಳ ಹೊತ್ತು ಬೆರಳಾಡಿಸಿ, ‘ಕಾಕಾರ, ಇದು ಬಲೀ ಆಗೇತ್ರಿ’ ಎಂದ. ನಿಜ! ಪುಸ್ತಕದಲ್ಲಿದ್ದಂತೆಯೇ ಚೌಕಗಳ ಗೆರೆ, ಎರಡು ರೇಖೆ, ಬಾಣ ಎಲ್ಲವನ್ನೂ ಒಂದೇ ದಾರದಲ್ಲಿ ಮಾಡಿದ್ದೆ. ಕಣ್ಣು ಇಡೀ ಚಿತ್ರವನ್ನು ಒಮ್ಮೆಗೇ ಕಂಡು ಆಮೇಲೆ ಭಾಗಗಳನ್ನು ನೋಡುತ್ತದೆ. ಬೆರಳು ಭಾಗಗಳನ್ನು ಒಂದೊಂದಾಗಿ ಮುಟ್ಟಿ ಮನಸ್ಸಿನಲ್ಲಿ ಇಡಿಯದನ್ನು ಕಟ್ಟಬೇಕು. ಆದ್ದರಿಂದ ಅನಾವಶ್ಯಕವಾದ ಗೆರೆಯನ್ನು ತೆಗೆಯಬೇಕು, ಎರಡು ರೇಖೆಗಳಿಗೆ ಎರಡು ಬಗೆಯ ಸ್ಪರ್ಶ ಕೊಡಬೇಕು, ಗೆರೆಗಳ ನಡುವೆ ಬೆರಳಿಗೆ ತಿಳಿಯುವಷ್ಟು ಅಂತರ ಬಿಡಬೇಕು, ಹೆಸರುಗಳನ್ನು ಬ್ರೈಲ್‌ನಲ್ಲಿ ಬರೆಯಬೇಕು, ತೊಡಕಿನ ಚಿತ್ರವನ್ನು ಎರಡು ಮೂರು ಹಾಳೆಗಳಿಗೆ ಹಂಚಬೇಕು. ನನ್ನ ಸೊಸೆ ಕಸೂತಿ ಬಲ್ಲವಳು. ಅವಳು ಬೇಡಿಕೆಯ ರೇಖೆಯನ್ನು ಉಜ್ಜುಕಾಗದದ ಪಟ್ಟಿಯಲ್ಲೂ ಪೂರೈಕೆಯ ರೇಖೆಯನ್ನು ನುಣುಪು ದಾರದಲ್ಲೂ ಮಾಡಿ, ಅವು ಕೂಡುವಲ್ಲಿ ಒಂದು ಟಿಕಲಿ ಹಚ್ಚಿದಳು. ಹುಡುಗನ ಎರಡು ಕೈಗಳು ಎರಡು ಗೆರೆಗಳ ಮೇಲೆ ಹೊರಟು ಟಿಕಲಿಯ ಮೇಲೆ ಬಂದು ನಿಂತವು. ‘ಇಲ್ಲಿ ಅಂದ್ರ ಇಲ್ಲಿ ಏನ್ರಿ?’ ಎಂದು ಕೇಳಿದ. ಎರಡನೆಯ ವರ್ಷದ ಪದವಿ ವಿದ್ಯಾರ್ಥಿಗೆ ಸಮತೋಲನ ಬಿಂದು ಸಿಕ್ಕಿದ್ದು ಅಂದು. ಸಾಮಗ್ರಿಯ ವೆಚ್ಚ ನಮ್ಮ ಅಂಗಡಿಯ ಒಂದು ದಿನದ ಚಹಾದ ಖರ್ಚಿಗೂ ಬರಲಿಲ್ಲ.

ಮಂಡಲಪೂಜೆಗೆ ಅಕ್ಕಿಯಲ್ಲಿ ಅಂಗುಲವೂ ತಪ್ಪದ ವಿನ್ಯಾಸಗಳನ್ನು ರಚಿಸುವ ಶ್ರಾವಿಕೆಯರು ಪ್ರತಿ ಊರಿನಲ್ಲಿದ್ದಾರೆ. ಕೈಗಳ ಕೊರತೆ ನಮಗಿಲ್ಲ.

ಮಂದದೃಷ್ಟಿಯವರ ವಿಷಯ ಇನ್ನೂ ಸುಲಭವಾದದ್ದು. ಸ್ವಲ್ಪ ಕಾಣುವವರಿಗೆ ದಪ್ಪ ಗೆರೆ, ದೊಡ್ಡ ಅಕ್ಷರ, ಕಪ್ಪು ಬಿಳುಪಿನ ಸ್ಪಷ್ಟ ಭೇದ, ಹೊಳಪಿಲ್ಲದ ಕಾಗದ. ಇಷ್ಟಾದರೆ ಎಷ್ಟೋ ಜನ ತಾವೇ ಓದಿಕೊಳ್ಳುತ್ತಾರೆ. ನಾವಾದರೋ ಪಂಚಕಲ್ಯಾಣದ ಆಮಂತ್ರಣವನ್ನು ಥಳಥಳಿಸುವ ಕಾಗದದ ಮೇಲೆ, ಕೇಸರಿ ಬಣ್ಣದ ನೆಲದಲ್ಲಿ ಹಳದಿ ಅಕ್ಷರಗಳಿಂದ ಮುದ್ರಿಸುತ್ತೇವೆ. ಅದನ್ನು ನಮ್ಮ ಮನೆಯ ವೃದ್ಧರೇ ಓದಲಾರರು!

ಪುಸ್ತಕವನ್ನು ಹೀಗೆ ಬೇರೆ ರೂಪಕ್ಕೆ ತರುವುದು ಕಾನೂನಿಗೆ ವಿರುದ್ಧವಾದೀತೇ ಎಂದು ಒಬ್ಬರು ಅಂಜಿದರು. ಅಂಜಬೇಕಾದದ್ದಿಲ್ಲ. ಲಾಭದ ಉದ್ದೇಶವಿಲ್ಲದೆ ಅಂಗವಿಕಲರಿಗಾಗಿ ಸುಗಮ ರೂಪದ ಪ್ರತಿ ಮಾಡಲು ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರ‍್ರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ನಮ್ಮ ಭಾರತ.

‘ಇಂಥವರು ಎಷ್ಟು ಜನ?’

2011ರ ಜನಗಣತಿಯಂತೆ ದೇಶದಲ್ಲಿ ದೃಷ್ಟಿಗೆ ಸಂಬಂಧಿಸಿದ ಅಂಗವೈಕಲ್ಯವುಳ್ಳವರು 50 ಲಕ್ಷಕ್ಕೂ ಹೆಚ್ಚು. ಇವರಲ್ಲಿ ವಿಶ್ವವಿದ್ಯಾಲಯದವರೆಗೆ ಬಂದವರು ಕಡಿಮೆ ಎನ್ನುವುದೇ ಆಕ್ಷೇಪವಾದರೆ, ಕಡಿಮೆಯಾದದ್ದೇಕೆಂದು ನಮ್ಮನ್ನೇ ಕೇಳಿಕೊಳ್ಳಬೇಕು. ಬಾವಿಗೆ ಹಗ್ಗ ಕೊಡದೆ, ನೀರು ಸೇದುವವರೇ ಬರುವುದಿಲ್ಲ ಎಂದಂತಾಯಿತು. ಸರ್ಕಾರಿ ನೌಕರಿಗಳಲ್ಲಿ 2016ರ ಕಾಯಿದೆ ಮೀಸಲಿಟ್ಟ ಶೇ. 4ರಲ್ಲಿ ಶೇ. 1 ಅಂಧರಿಗೂ ಮಂದದೃಷ್ಟಿಯವರಿಗೂ ಸಲ್ಲಬೇಕು. ದೃಷ್ಟಿದೋಷವೊಂದರ ಕಾರಣದಿಂದ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡುವಂತಿಲ್ಲವೆಂದು 2025ರ ಮಾರ್ಚ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಹುದ್ದೆಗಳಿವೆ, ಅವುಗಳಿಗೆ ಬೇಕಾದ ಓದಿನ ದಾರಿಯಲ್ಲಿ ಪುಸ್ತಕವಿಲ್ಲ.

ಅಲ್ಲದೆ, ಜೀವಗಳನ್ನು ಎಣಿಸಿ ದಯೆ ತೋರುವ ಪದ್ಧತಿ ನಮ್ಮದಲ್ಲ. ಕುಡಿಯುವ ನೀರನ್ನು ಸೋಸುವಾಗ ಅದರಲ್ಲಿ ಎಷ್ಟು ಜೀವಿಗಳಿವೆ ಎಂದು ಯಾರು ಲೆಕ್ಕ ಕೇಳಿದ್ದಾರೆ?

‘ಹಿಂದೆ ಕುರುಡರು ಪಂಡಿತರಾಗಲಿಲ್ಲವೇ?’

ಆದರು. ಪಂಡಿತ ಸುಖಲಾಲ್ ಸಂಘವಿ ಅವರ ಹೆಸರನ್ನೇ ಸಭೆಯಲ್ಲಿ ಹೇಳಲಾಯಿತು. 1880ರಲ್ಲಿ ಗುಜರಾತಿನಲ್ಲಿ ಜನಿಸಿ, ಹದಿಹರೆಯದಲ್ಲಿ ಸಿಡುಬಿನಿಂದ ಕಣ್ಣು ಕಳೆದುಕೊಂಡ ಅವರು ತತ್ತ್ವಾರ್ಥಸೂತ್ರಕ್ಕೆ ವಿವೇಚನೆ ಬರೆದರು, ಸನ್ಮತಿತರ್ಕವನ್ನು ಸಂಪಾದಿಸಿದರು, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜೈನದರ್ಶನ ಬೋಧಿಸಿದರು. ಆದರೆ ಅವರಿಗೆ ಗಂಟೆಗಟ್ಟಲೆ ಓದಿಹೇಳಿದ, ಹೇಳಿದ್ದನ್ನು ಬರೆದುಕೊಂಡ ಕಣ್ಣುಗಳನ್ನು ಮರೆಯಬಾರದು. ಅವರ ಸುತ್ತ ಒಂದು ಸಮಾಜ ಆಸರೆಯಾಗಿ ನಿಂತಿತ್ತು. ಅವರ ಪ್ರತಿಭೆಯನ್ನು ಹೊಗಳಿ, ಆ ಆಸರೆಯನ್ನು ಮಾತ್ರ ಇಂದಿನ ಹುಡುಗನಿಗೆ ನಿರಾಕರಿಸುವುದು ಅವರಿಗೆ ಸಲ್ಲಿಸುವ ಗೌರವವಲ್ಲ.

ನಮ್ಮ ನೆಲದ ನಿದರ್ಶನವನ್ನೇ ನೋಡೋಣ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ಅದೇ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು. ಇಬ್ಬರೂ ಅಂಧರು, ಇಬ್ಬರೂ ಸಂಗೀತದ ಮಹಾಗುರುಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅನ್ನ ಉಂಡು ವಿದ್ಯೆ ಕಲಿತ ಅಂಧ ಬಾಲಕರು ನಾಡಿನಾದ್ಯಂತ ಹರಡಿದ್ದಾರೆ. ಯಾರ ಸಾಮರ್ಥ್ಯವನ್ನೂ ಅನುಮಾನಿಸದೆ ಬಾಗಿಲು ತೆರೆದದ್ದು ಆ ಆಶ್ರಮದ ಹಿರಿಮೆ. ನಾವು ಮಾತ್ರ ಅದರಿಂದ ವಿಪರೀತವಾದ ಪಾಠ ಕಲಿತೆವು: ಕುರುಡನಿದ್ದರೆ ಹಾರ್ಮೋನಿಯಂ ಕೊಟ್ಟು ಗದಗಿಗೆ ಕಳುಹಿಸಿಬಿಡಿ ಎಂದು! ಸ್ವರಜ್ಞಾನವಿಲ್ಲದ, ಅಂಕಿಸಂಖ್ಯೆಗಳಲ್ಲಿ ಆಸಕ್ತಿಯಿರುವ ಅಂಧ ಬಾಲಕ ಎಲ್ಲಿಗೆ ಹೋಗಬೇಕು?

‘ಅವನವನ ಕರ್ಮ’

ಎಲ್ಲಕ್ಕಿಂತ ನೋವುಂಟುಮಾಡಿದ ಮಾತು ಇದು. ಹೇಳಿದವರು ನಿತ್ಯ ಸ್ವಾಧ್ಯಾಯ ಮಾಡುವವರು. ಕರ್ಮಸಿದ್ಧಾಂತವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಿದ್ಧಾಂತವನ್ನು ಅರ್ಧಕ್ಕೆ ನಿಲ್ಲಿಸಬಾರದು. ಜ್ಞಾನಾವರಣ ಮತ್ತು ದರ್ಶನಾವರಣ ಕರ್ಮಗಳ ಆಸ್ರವಕ್ಕೆ ಕಾರಣಗಳನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಹೇಳಿದೆ. ತಿಳಿದದ್ದನ್ನು ಬಚ್ಚಿಡುವ ನಿಹ್ನವ ಅವುಗಳಲ್ಲೊಂದು. ಜ್ಞಾನಸಾಧನಕ್ಕೆ ಅಡ್ಡಿಯೊಡ್ಡುವ ಅಂತರಾಯ ಇನ್ನೊಂದು. ಆ ಹುಡುಗನ ಹಿಂದಿನ ಕರ್ಮ ಯಾವುದೆಂದು ನಮಗಾರಿಗೂ ಗೊತ್ತಿಲ್ಲ. ಆ ಸಭೆಯಲ್ಲಿ ನಾವು ಕಟ್ಟಿಕೊಂಡ ಕರ್ಮ ಯಾವುದೆಂಬುದು ಮಾತ್ರ ನಡಾವಳಿ ಪುಸ್ತಕದಲ್ಲಿ ನಮ್ಮ ಸಹಿಯೊಂದಿಗೆ ದಾಖಲಾಗಿದೆ. ಕರ್ಮದ ಉದಯವೆಂದು ಸುಮ್ಮನಿರುವುದಾದರೆ ಔಷಧದಾನಕ್ಕೆ ಅರ್ಥವೇ ಉಳಿಯುವುದಿಲ್ಲ. ರೋಗವೂ ಕರ್ಮೋದಯವೇ ತಾನೇ?

ಮಾಡಬೇಕಾದದ್ದೇನು?

ಸಾವಿರ ವರ್ಷಗಳ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚುಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಯೂ ಕೈಬರಹ. ‘ಓದುವವರು ಎಷ್ಟು ಜನ?’ ಎಂದು ಆಕೆ ಕೇಳಲಿಲ್ಲ. ಓದುವವರಿಗೆ ಎಟುಕುವಂತೆ ಪುಸ್ತಕವನ್ನು ಮಾಡಿಸಿದಳು. ನಮ್ಮ ಸಮೀಪದ ಬಂಕಾಪುರದಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ 898ರಲ್ಲಿ ಪೂಜೆ ಸಂದಿತು. ಗ್ರಂಥಪೂಜೆಯ ಅಂಥ ಪರಂಪರೆಯ ನಾವು ಶ್ರುತಪಂಚಮಿಯಂದು ಪುಸ್ತಕಗಳಿಗೆ ರೇಷ್ಮೆ ಹೊದಿಸಿ ಅರ್ಘ್ಯ ಎತ್ತುತ್ತೇವೆ. ಪೂಜೆ ಇರಲಿ, ಅದರೊಂದಿಗೆ ದಾನವೂ ಇರಲಿ.

ವಿಶ್ವಸ್ತ ಮಂಡಳಿಗಳ ಮುಂದೆ ನಾನಿಡುವ ಸೂಚನೆಗಳು ಇಷ್ಟೇ. ಮೊದಲನೆಯದಾಗಿ, ಶ್ರುತಪಂಚಮಿಯ ಸಂಗ್ರಹದ ಹತ್ತನೆಯ ಒಂದು ಪಾಲನ್ನು ಸ್ಪರ್ಶಗ್ರಾಹ್ಯ ಪುಸ್ತಕ ಮತ್ತು ಚಿತ್ರಗಳಿಗಾಗಿ ಪ್ರತ್ಯೇಕ ಖಾತೆಯಲ್ಲಿಡಲಿ. ವರ್ಷಾಂತ್ಯದ ಲೆಕ್ಕಪತ್ರದಲ್ಲಿ ಅದಕ್ಕೊಂದು ಸಾಲು ಇರಲಿ. ಎರಡನೆಯದಾಗಿ, ಜಿಲ್ಲೆಗೊಂದು ಬಸದಿಯಲ್ಲಿ ಒಂದು ಕೋಣೆಯನ್ನು ಇದಕ್ಕಾಗಿ ಬಿಟ್ಟುಕೊಟ್ಟು, ಒಬ್ಬ ವಿದ್ಯಾರ್ಥಿಗಾಗಿ ಮಾಡಿದ ಚಿತ್ರಗಳನ್ನು ಅವನ ಓದು ಮುಗಿದ ಮೇಲೆ ಅಲ್ಲಿ ಜೋಪಾನ ಮಾಡಿ ಮುಂದಿನವನಿಗೆ ಎರವಲು ಕೊಡಲಿ. ಪಠ್ಯಕ್ರಮ ಬದಲಾದರೂ ಬೇಡಿಕೆಯ ರೇಖೆ ಬದಲಾಗುವುದಿಲ್ಲ. ಮೂರನೆಯದಾಗಿ, ಜಾತಿಮತ ಕೇಳದೆ ಕೊಡಲಿ. ನಾಲ್ಕನೆಯದಾಗಿ, ಏನು ಬೇಕೆಂದು ಅಂಧ ವಿದ್ಯಾರ್ಥಿಗಳನ್ನೇ ಮೊದಲು ಕೇಳಲಿ, ಮಾಡಿದ್ದನ್ನು ಅವರ ಬೆರಳಿಗೆ ಒಪ್ಪಿಸಿ ಪರೀಕ್ಷಿಸಿದ ಬಳಿಕವೇ ಪ್ರತಿ ತೆಗೆಯಲಿ; ಇಲ್ಲವಾದರೆ ನನ್ನ ಗೋಣಿದಾರದ ಬಲೆಯಂತಾದೀತು. ಐದನೆಯದಾಗಿ, ಬಸದಿಯ ಸ್ತೋತ್ರಪುಸ್ತಕಗಳನ್ನೂ ಆಮಂತ್ರಣಗಳನ್ನೂ ದೊಡ್ಡ ಅಕ್ಷರಗಳಲ್ಲಿ, ಹೊಳಪಿಲ್ಲದ ಕಾಗದದಲ್ಲಿ ಮುದ್ರಿಸಲಿ. ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ಪತ್ರ ಬರೆದು ಅವುಗಳ ಹೊಣೆಯನ್ನು ನೆನಪಿಸುವ ಕೆಲಸವನ್ನೂ ಬಿಡಬಾರದು. ನಾವು ಕೊಡುತ್ತೇವೆಂದು ಅವು ಕೈತೊಳೆದುಕೊಳ್ಳುವಂತಾಗಬಾರದು.

ಕಮಾನಿನ ಕೆಲಸ ಮುಗಿದಿದೆ. ಚೆನ್ನಾಗಿಯೇ ಬಂದಿದೆ, ನನ್ನ ಹೆಸರೂ ಅದರ ಮೇಲಿದೆ. ಹುಡುಗನಿಗೆ ಇನ್ನೂ ಹದಿನೇಳು ಚಿತ್ರಗಳು ಬೇಕಾಗಿವೆ, ಸಂಖ್ಯಾಶಾಸ್ತ್ರದ ಗಂಟೆಯಾಕಾರದ ರೇಖೆಯೂ ಸೇರಿದಂತೆ. ನಮ್ಮ ಮನೆಯಲ್ಲಿ ಇದುವರೆಗೆ ಆದದ್ದು ಒಂಬತ್ತು. ಅವನ ಪರೀಕ್ಷೆಗೆ ಉಳಿದಿರುವುದು ಎರಡು ತಿಂಗಳು. ಮಂಡಳಿಯ ಮುಂದಿನ ಸಭೆಯಲ್ಲಿ ಆ ಅರ್ಜಿಯನ್ನು ನಾನೇ ಮತ್ತೆ ಮಂಡಿಸಲಿದ್ದೇನೆ; ಈ ಸಲ ಸುಮ್ಮನೆ ಕೂರುವುದಿಲ್ಲ. ಓದುಗರಲ್ಲಿ ವಿಶ್ವಸ್ತರಾಗಿರುವವರು ತಮ್ಮ ತಮ್ಮ ಊರುಗಳಲ್ಲಿ ಇಂಥ ಅರ್ಜಿ ಬರುವವರೆಗೆ ಕಾಯದಿರಲಿ ಎಂಬುದೇ ನನ್ನ ವಿನಂತಿ.

ಜೈ ಜಿನೇಂದ್ರ.